ಪ್ರಿಂಜ್ ಕೂಡ ಬೆಂಚ್ ಮೇಲೆ ಕೂತಿದ್ದರು

ಐಟಿಯಲ್ಲಿರೋರಿಗೆ ‘ಬೆಂಚ್’ ಅಂದರೇನು ಅಂತ ಬಿಡಿಸಿ ಹೇಳಬೇಕಾಗಿಲ್ಲ. ಹಳೇ ಪ್ರಾಜೆಕ್ಟ್ ಮುಗಿದಿರುತ್ತೆ, ಹೊಸದು ಸಿಕ್ಕಿರಲ್ಲ. ಸಂಬಳ ಬರುತ್ತೆ, ನಿದ್ದೆ ಬರಲ್ಲ. ಕಳೆದ ವರ್ಷ ನಾನು ಎರಡೂವರೆ ತಿಂಗಳು ಹಾಗೆ ಕೂತಿದ್ದೆ. ಬೆಳಿಗ್ಗೆ ಸಿಲ್ಕ್ ಬೋರ್ಡ್ ಟ್ರಾಫಿಕ್ ದಾಟಿ ಎಲೆಕ್ಟ್ರಾನಿಕ್ ಸಿಟಿಗೆ ಹೋಗೋದು, ಲ್ಯಾಪ್‌ಟಾಪ್ ತೆರೆದು ಮೇಲ್ ಬಂದಿದೆಯಾ ನೋಡೋದು, ಸಂಜೆ ವಾಪಸ್ ಬರೋದು. ಊರಿಂದ ಅಮ್ಮ ಫೋನ್ ಮಾಡಿ “ಕೆಲಸ ಜಾಸ್ತಿನಾ ಮಗಾ?” ಅಂದರೆ “ಹೂಂ ಅಮ್ಮ, ತುಂಬಾ” ಅಂತಿದ್ದೆ.

ಅಂಥದ್ದೇ ಒಂದು ಖಾಲಿ ಮಧ್ಯಾಹ್ನ ಹಳೇ ಫುಟ್‌ಬಾಲ್ ವಿಡಿಯೊ ನೋಡುತ್ತಾ ಕೂತಾಗ ಸಿಕ್ಕವರು ಜರ್ಮನಿಯ ಬಿರ್ಗಿಟ್ ಪ್ರಿಂಜ್.

ಜರ್ಮನಿ ಫುಟ್‌ಬಾಲ್ ಹುಚ್ಚಿನ ದೇಶ. ಆದರೆ ಅಲ್ಲಿನ ಫುಟ್‌ಬಾಲ್ ಸಂಸ್ಥೆ 1955ರಿಂದ 1970ರವರೆಗೆ ತನ್ನ ಕ್ಲಬ್‌ಗಳಲ್ಲಿ ಹೆಣ್ಣುಮಕ್ಕಳ ಆಟವನ್ನೇ ನಿಷೇಧಿಸಿತ್ತು. 1989ರಲ್ಲಿ ಮಹಿಳಾ ತಂಡ ಮೊದಲ ಬಾರಿ ಯುರೋಪಿಯನ್ ಚಾಂಪಿಯನ್ ಆದಾಗ ಆಟಗಾರ್ತಿಯರಿಗೆ ಕೊಟ್ಟ ಬಹುಮಾನ ಏನು ಗೊತ್ತಾ? ಕಾಫಿ ಕಪ್ಪು-ಸಾಸರುಗಳ ಒಂದು ಸೆಟ್!

ಪ್ರಿಂಜ್ ಹುಟ್ಟಿದ್ದು 1977ರಲ್ಲಿ, ಫ್ರಾಂಕ್‌ಫರ್ಟ್‌ನಲ್ಲಿ. 16ನೇ ವಯಸ್ಸಿಗೇ ದೇಶದ ಪರ ಆಡಿದರು. 17ಕ್ಕೆ, 1995ರಲ್ಲಿ, ವಿಶ್ವಕಪ್ ಫೈನಲ್. ಅಂದು ನಾರ್ವೆ ಎದುರು ಸೋತರೂ ಆಮೇಲೆ ಅವರನ್ನು ತಡೆಯೋರೇ ಇರಲಿಲ್ಲ. 2003ರ ವಿಶ್ವಕಪ್‌ನಲ್ಲಿ 7 ಗೋಲು, ಕಪ್ ಜರ್ಮನಿಗೆ. 2007ರಲ್ಲಿ ಶಾಂಘೈ ಫೈನಲ್‌ನಲ್ಲಿ ಬ್ರೆಜಿಲ್ ವಿರುದ್ಧ ಮೊದಲ ಗೋಲು ಅವರದ್ದೇ, ಕಪ್ ಮತ್ತೆ ಜರ್ಮನಿಗೆ. 2003, 2004, 2005, ಸತತ ಮೂರು ವರ್ಷ ಫಿಫಾದ ವರ್ಷದ ಆಟಗಾರ್ತಿ. ಐದು ಯುರೋಪಿಯನ್ ಪ್ರಶಸ್ತಿ, ಮೂರು ಒಲಿಂಪಿಕ್ ಕಂಚು. ಒಟ್ಟು 214 ಅಂತರರಾಷ್ಟ್ರೀಯ ಪಂದ್ಯ, 128 ಗೋಲು.

2003ರಲ್ಲೇ ಇನ್ನೊಂದು ಘಟನೆ ನಡೆಯಿತು. ಇಟಲಿಯ ಪೆರುಜಿಯಾ ಕ್ಲಬ್‌ನ ಅಧ್ಯಕ್ಷರು “ನಮ್ಮ ಪುರುಷರ ತಂಡಕ್ಕೆ ಬನ್ನಿ” ಅಂತ ಕರೆದರು. ಅದು ಸೀರಿ ‘ಎ’, ಅಲ್ಲಿನ ಅಗ್ರ ಲೀಗ್. ಪ್ರಪಂಚವೆಲ್ಲ ಸುದ್ದಿ. ಪ್ರಿಂಜ್ ಒಪ್ಪಲಿಲ್ಲ. ಪ್ರಚಾರಕ್ಕಾಗಿ ಸಹಿ ಹಾಕಿ ಬೆಂಚ್ ಮೇಲೆ ಕೂರೋದು ಅವರಿಗೆ ಬೇಕಿರಲಿಲ್ಲ, ಆಡೋದು ಬೇಕಿತ್ತು.

ಬೆಂಚ್ ಮಾತ್ರ ಅವರನ್ನು ಬಿಡಲಿಲ್ಲ. 2011ರ ವಿಶ್ವಕಪ್ ಜರ್ಮನಿಯಲ್ಲೇ ನಡೆಯಿತು. ತವರಿನ ಜನರೆದುರು ಕಪ್ ಎತ್ತಿ ವಿದಾಯ ಹೇಳೋದಕ್ಕೆ ಇದಕ್ಕಿಂತ ಒಳ್ಳೇ ವೇದಿಕೆ ಬೇಕಾ? ನಾಯಕಿ ಪ್ರಿಂಜ್‌ಗೆ ಆಗ 33 ವರ್ಷ. ಆದರೆ ಕಾಲು ಮೊದಲಿನ ಮಾತು ಕೇಳುತ್ತಿರಲಿಲ್ಲ. ನೈಜೀರಿಯಾ ವಿರುದ್ಧದ ಪಂದ್ಯ ಅವರದ್ದೇ ಊರು ಫ್ರಾಂಕ್‌ಫರ್ಟ್‌ನಲ್ಲಿ. ದ್ವಿತೀಯಾರ್ಧದಲ್ಲಿ ಅವರನ್ನು ಹೊರಗೆ ಕರೆಸಿಕೊಂಡರು. ಕರೆಸಿದ ಕೋಚ್ ಸಿಲ್ವಿಯಾ ನೈಡ್, 1995ರ ಫೈನಲ್‌ನಲ್ಲಿ ಪ್ರಿಂಜ್ ಜೊತೆಗೇ ಆಡಿದವರು. ಮುಂದಿನ ಪಂದ್ಯದಲ್ಲಿ ಅವಕಾಶ ಸಿಗಲಿಲ್ಲ. ಕ್ವಾರ್ಟರ್‌ಫೈನಲ್‌ನಲ್ಲೂ ಇಲ್ಲ. ಜಪಾನ್ ಹೆಚ್ಚುವರಿ ಸಮಯದಲ್ಲಿ ಗೋಲು ಹೊಡೆದು 1-0ಯಿಂದ ಗೆದ್ದಾಗ, ಮೂರು ಬಾರಿಯ ಶ್ರೇಷ್ಠ ಆಟಗಾರ್ತಿ ಬೆಂಚ್‌ನಲ್ಲೇ ಇದ್ದರು. ಅದೇ ಆಗಸ್ಟ್‌ನಲ್ಲಿ ನಿವೃತ್ತಿ ಘೋಷಿಸಿದರು.

ವಿಡಿಯೊ ನೋಡಿ ನನಗೆ ಹೊಟ್ಟೆಯೊಳಗೆ ಏನೋ ಕಿವುಚಿದ ಹಾಗಾಯ್ತು. ಇಷ್ಟೆಲ್ಲ ಗೆದ್ದವರಿಗೇ ಹೀಗಾದರೆ ನಮ್ಮಂಥೋರ ಕಥೆ ಏನು?

ಆದರೆ ಅವರ ಕಥೆ ಅಲ್ಲಿಗೆ ಮುಗಿಯಲ್ಲ. ಗೋಲು ಹೊಡೆಯುತ್ತಿದ್ದ ವರ್ಷಗಳಲ್ಲೇ ಅವರು ಫಿಸಿಯೊಥೆರಪಿ ಕಲಿತಿದ್ದರು, ಮನಶ್ಶಾಸ್ತ್ರ ಓದಿ ಪದವಿಯನ್ನೂ ಪಡೆದಿದ್ದರು. ನಿವೃತ್ತಿ ನಂತರ ಹೋಫೆನ್‌ಹೈಮ್ ಕ್ಲಬ್‌ನಲ್ಲಿ ಕ್ರೀಡಾ ಮನಶ್ಶಾಸ್ತ್ರಜ್ಞೆ ಆದರು. 2019ರ ವಿಶ್ವಕಪ್‌ಗೆ ಜರ್ಮನಿ ತಂಡದ ಜೊತೆ ಮತ್ತೆ ಹೋದರು, ಈ ಸಲ ಆಟಗಾರ್ತಿಯರ ಮನಸ್ಸು ನೋಡಿಕೊಳ್ಳೋ ಕೆಲಸಕ್ಕೆ. ಹನ್ನೊಂದು ಜನರಲ್ಲಿ ತನ್ನ ಹೆಸರಿಲ್ಲ ಅಂತ ಗೊತ್ತಾದ ಹುಡುಗಿಯ ಪಕ್ಕ ಕೂತು ಮಾತಾಡೋಕೆ ಅವರಿಗಿಂತ ಅರ್ಹರು ಯಾರಿದ್ದಾರೆ? ಪದವಿ ಜೊತೆಗೆ ಆ ಕಹಿ ಅನುಭವವೂ ಅವರಲ್ಲಿದೆಯಲ್ಲ.

ನಾನು ಪ್ರಿಂಜ್ ಅಲ್ಲ, 128 ಗೋಲೂ ಹೊಡೆದಿಲ್ಲ. ಆದರೆ ಒಂದು ವಿಷಯ ಹೊಳೆಯಿತು. ಅವರು ಬೆಂಚ್‌ನಲ್ಲಿ ಕೂತಿದ್ದನ್ನು ಇಡೀ ಜಗತ್ತೇ ನೋಡಿತು. ನಾನು ಕೂತಿದ್ದನ್ನು ಅಮ್ಮನಿಗೂ ಹೇಳಿರಲಿಲ್ಲ.

ಆವತ್ತು ರಾತ್ರಿ ಫೋನ್ ಮಾಡಿದೆ. “ಅಮ್ಮ, ಎರಡು ತಿಂಗಳಿಂದ ಪ್ರಾಜೆಕ್ಟ್ ಇಲ್ಲ. ಸುಮ್ನೆ ಕೂತಿದೀನಿ.”

ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಅಮ್ಮ ಅಂದಿದ್ದು ಇಷ್ಟೇ: “ಅಷ್ಟು ದಿನ ಒಬ್ಬನೇ ಒದ್ದಾಡಿದ್ಯಾ? ಶನಿವಾರ ಬಸ್ ಹತ್ತು. ಹುರಿದ ಅವಲಕ್ಕಿ ಮಾಡಿರ್ತೀನಿ.”