ನೀಲಗಿರಿಯ ಸ್ವಂತ ಹನಿಸಕಲ್

ಹನಿಸಕಲ್ ಎಂದು ನರ್ಸರಿಗಳಲ್ಲಿ ನಮಗೆ ಸಿಗುವ ಬಳ್ಳಿ ಹೆಚ್ಚಾಗಿ ಜಪಾನ್ ಮೂಲದ್ದು. ಅದನ್ನು ಹಣ ಕೊಟ್ಟು ತಂದು ಗೇಟಿಗೆ ಹಬ್ಬಿಸುತ್ತೇವೆ. ಆದರೆ ಅದೇ ಕುಲದ ಒಂದು ಬಳ್ಳಿ ನಮ್ಮ ನೀಲಗಿರಿಯಲ್ಲೇ, ಶೋಲಾ ಕಾಡಿನ ಅಂಚಿನಲ್ಲಿ ತಾನಾಗಿಯೇ ಬೆಳೆಯುತ್ತದೆ ಎಂಬುದು ನಮ್ಮಲ್ಲಿ ಅನೇಕರಿಗೆ ತಿಳಿಯದು. ಪಳನಿ, ಆನೆಮಲೆ ಬೆಟ್ಟಗಳಲ್ಲೂ ಇದು ಉಂಟು.

ಇದರ ಶಾಸ್ತ್ರೀಯ ಹೆಸರು ಲೋನಿಸೆರ ಲೆಶೆನೋಲ್ಟಿಯೈ. ಮೊದಲ ಪದ 16ನೇ ಶತಮಾನದ ಜರ್ಮನ್ ವೈದ್ಯ ಆಡಂ ಲೋನಿಸರ್ ಅವರಿಂದ ಬಂದದ್ದು. ಎರಡನೆಯದು 1816ರಲ್ಲಿ ಪುದುಚೇರಿಗೆ ಬಂದು, ಮುಂದೆ ನೀಲಗಿರಿಯನ್ನೂ ಹತ್ತಿ ಗಿಡಗಳನ್ನು ಸಂಗ್ರಹಿಸಿದ ಫ್ರೆಂಚ್ ಸಸ್ಯಶಾಸ್ತ್ರಜ್ಞ ಲೆಶೆನೋ ಅವರ ನೆನಪಿಗೆ. ವಿಚಿತ್ರ ನೋಡಿ! ಆಸ್ಟ್ರೇಲಿಯದಿಂದ ಬಂದ ಮರವನ್ನು ನಾವು ಕನ್ನಡದಲ್ಲಿ 'ನೀಲಗಿರಿ' ಎಂದು ಕರೆಯುತ್ತೇವೆ. ನಿಜವಾಗಿಯೂ ನೀಲಗಿರಿಯದಾದ ಬಳ್ಳಿಗೆ ಪರದೇಶದವರ ಹೆಸರು.

ಗುರುತು ಹಿಡಿಯುವುದು ಕಷ್ಟವಲ್ಲ. ಅವರೆ ಬಳ್ಳಿಯಂತೆ ಕಾಂಡವೇ ಆಸರೆಗೆ ಸುತ್ತಿಕೊಳ್ಳುತ್ತದೆ. ಹೀರೆ, ಹಾಗಲದಂತೆ ಹಿಡಿದುಕೊಳ್ಳುವ ನುಲಿಬಳ್ಳಿ ಇಲ್ಲ. ಎಲೆಗಳು ಎದುರುಬದುರಾಗಿ ಜೋಡಿ ಜೋಡಿ. ಎಳೆಯ ಕುಡಿಗಳನ್ನು ಮುಟ್ಟಿದರೆ ಮೃದುವಾದ ರೋಮ. ಹೂಗಳೂ ಜೋಡಿಯಾಗಿಯೇ ಬರುತ್ತವೆ. ಉದ್ದನೆಯ ಕೊಳವೆ, ತುದಿಯಲ್ಲಿ ಎರಡು ತುಟಿ. ಮೇಲ್ತುಟಿಯಲ್ಲಿ ನಾಲ್ಕು ಸೀಳು, ಕೆಳತುಟಿ ಒಂದೇ ಪಟ್ಟಿಯಂತೆ ಬಾಗಿರುತ್ತದೆ. ಅರಳಿದಾಗ ಬಿಳಿ, ಬಾಡುವ ಹೊತ್ತಿಗೆ ಹಳದಿ. ಆದ್ದರಿಂದ ಒಂದೇ ಗೊಂಚಲಲ್ಲಿ ಎರಡು ಬಣ್ಣ ಕಾಣುತ್ತದೆ. ಮಾಗಿದ ಹಣ್ಣು ಕಪ್ಪು. ಅದು ಹಕ್ಕಿಗಳಿಗಿರಲಿ, ಮಕ್ಕಳ ಬಾಯಿಗೆ ಬೇಡ. ಈ ಕುಲದ ಹಲವು ಬಳ್ಳಿಗಳ ಹಣ್ಣು ಹೊಟ್ಟೆ ಕೆಡಿಸುತ್ತದೆ.

ಜಪಾನ್ ಬಳ್ಳಿಯ ಹೂವೂ ಹೀಗೆಯೇ ಬಣ್ಣ ಬದಲಿಸುವುದರಿಂದ ಗೊಂದಲವಾಗಬಹುದು. ಅದರ ಹೂಜೋಡಿಯ ಬುಡದಲ್ಲಿ ನಿಜವಾದ ಎಲೆಯಂತೆಯೇ ಅಗಲವಾದ ಎರಡು ಪುಟ್ಟ ಎಲೆಗಳಿರುತ್ತವೆ, ಅದನ್ನು ನೋಡಿಕೊಳ್ಳಿ. ಅಂದವಾದದ್ದೇನೋ ಹೌದು, ಆದರೆ ಸಾಧುವಲ್ಲ. 1806ರಲ್ಲಿ ಅಮೆರಿಕಕ್ಕೆ ತೋಟದ ಬಳ್ಳಿಯಾಗಿ ಹೋದದ್ದು ಇಂದು ಅಲ್ಲಿನ ಕಾಡುಗಳಲ್ಲಿ ಎಳೆ ಮರಗಳನ್ನು ಮುಚ್ಚಿ ಸಾಯಿಸುವ ಕಳೆಯಾಗಿದೆ.

ನಮ್ಮ ಬಳ್ಳಿಯ ಕಥೆ ಇದಕ್ಕೆ ತದ್ವಿರುದ್ಧ. ಅದಕ್ಕೆ ಶೋಲಾದ ಅಂಚು ಬೇಕು. ಆ ಅಂಚನ್ನು 19ನೇ ಶತಮಾನದಿಂದ ಚಹಾ, ನೀಲಗಿರಿ ಮರ, ವ್ಯಾಟಲ್, ಲಂಟಾನಗಳು ಒಂದೊಂದಾಗಿ ನುಂಗುತ್ತಾ ಬಂದಿವೆ. ಉಳಿದಿರುವುದು ಹಳ್ಳದ ಬದಿ, ಕಡಿದಾದ ಇಳಿಜಾರು. ಅಲ್ಲಿಯೂ ಕತ್ತಿ ಹಿಡಿದವರಿಗೆ ಅದು ಬರೀ ಪೊದೆ.

ಈ ಸಲ ಬೇಲಿ ಸವರುವಾಗ, ಬಿಳಿ ಹಳದಿ ಹೂ ಕಂಡರೆ ಆ ಬುಡವನ್ನು ಹಾಗೆಯೇ ಬಿಡಲು ಕೆಲಸದವರಿಗೆ ಹೇಳೋಣ. ಕಾಡಿನಿಂದ ಕಿತ್ತು ತರುವುದು ಮಾತ್ರ ಬೇಡ. ನಮ್ಮದೇ ಜಾಗದಲ್ಲಿದ್ದರೆ, ಉದ್ದ ಬಳ್ಳಿಯೊಂದನ್ನು ಬಗ್ಗಿಸಿ, ಗೆಣ್ಣಿನ ಮೇಲೆ ಒದ್ದೆ ಮಣ್ಣು ಹಾಕಿ ಕಲ್ಲಿಟ್ಟು ನೋಡಬಹುದು. ಹನಿಸಕಲ್ ಕುಲದ ಬಳ್ಳಿಗಳು ಹೀಗೆ ಬೇರು ಬಿಡುತ್ತವೆ. ಬೇರು ಗಟ್ಟಿಯಾದ ಮೇಲೆ ತಾಯಿಬಳ್ಳಿಯಿಂದ ಕತ್ತರಿಸಿ ಗೇಟಿನ ಪಕ್ಕ ನೆಡಬಹುದು.