ಮಾರು ಹೂವಿನಿಂದ ಸೀರಮ್ಮಿನವರೆಗೆ

ದಸರಾ, ದೀಪಾವಳಿ ಬಂತೆಂದರೆ ಚಿತ್ರದುರ್ಗದ ಹೂವಿನ ಮಾರುಕಟ್ಟೆಯಲ್ಲಿ ಬೆಳಗಿನ ಜಾವಕ್ಕೇ ಸೇವಂತಿಗೆ, ಚೆಂಡು ಹೂವಿನ ರಾಶಿ. ವ್ಯಾಪಾರವೆಲ್ಲ ಮಾರಿನ ಲೆಕ್ಕ. ಹಬ್ಬ ಕಳೆದು ಬೆಲೆ ಬಿದ್ದರೆ ಬಿಡಿಸಿದ ಕೂಲಿಯೂ ಹುಟ್ಟದೆ ಹೂವು ತಿಪ್ಪೆ ಸೇರುವುದೂ ಉಂಟು. ಇಂಥ ಹೂಗಳ ಸಾರವನ್ನೇ ಇಂದು ಚರ್ಮದ ಕ್ರೀಮು, ಸೀರಮ್ಮುಗಳಲ್ಲಿ ಬೆರೆಸಿ ‘ಆಂಟಿಆಕ್ಸಿಡೆಂಟ್’ ಎಂದು ಮಾರುತ್ತಾರೆ. ಆ ಮಾತಿನಲ್ಲಿ ಎಷ್ಟು ಹುರುಳಿದೆ?

ಗಿಡಕ್ಕೆ ಬಿಸಿಲಿನಿಂದ ತಪ್ಪಿಸಿಕೊಂಡು ಓಡಲಾಗದು. ಸೂರ್ಯನ ಅತಿನೇರಳೆ ಕಿರಣ ಜೀವಕೋಶಕ್ಕೆ ತಾಗಿದಾಗ ಜೋಡಿಯಿಲ್ಲದ ಎಲೆಕ್ಟ್ರಾನುಳ್ಳ ಕಣಗಳು, ಅಂದರೆ ಫ್ರೀ ರ್‍ಯಾಡಿಕಲ್‌ಗಳು ಹುಟ್ಟುತ್ತವೆ. ಅವು ಅಕ್ಕಪಕ್ಕದ ಅಣುಗಳಿಂದ ಎಲೆಕ್ಟ್ರಾನು ಕಸಿದು ಹಾನಿ ಮಾಡುತ್ತವೆ. ನಮ್ಮ ಚರ್ಮದಲ್ಲೂ ನಡೆಯುವುದು ಇದೇ: ಬಿಗಿ ಕೊಡುವ ಕೊಲಾಜೆನ್ ಸವೆದು ಸುಕ್ಕು ಮೂಡುತ್ತದೆ. ಗಿಡ ತನ್ನ ರಕ್ಷಣೆಗೆ ತಯಾರಿಸಿಕೊಳ್ಳುವ ಕ್ಯಾರೊಟಿನಾಯ್ಡ್, ಫ್ಲೇವನಾಯ್ಡ್‌ಗಳು ಈ ಕಣಗಳನ್ನು ತಣಿಸಬಲ್ಲವು; ಆಂಟಿಆಕ್ಸಿಡೆಂಟ್ ಎನ್ನುವುದು ಇಂಥವನ್ನೇ. ಹೂವಿಗೆ ಬಣ್ಣ ಬರುವುದೂ ಬಹುಪಾಲು ಇವುಗಳಿಂದಲೇ.

ಸೇವಂತಿಗೆಯಲ್ಲಿ ಲುಟಿಯೋಲಿನ್, ಎಪಿಜೆನಿನ್, ಕ್ಲೋರೊಜೆನಿಕ್ ಆಮ್ಲ ಇವೆ. ಚೆಂಡು ಹೂವಿನ ಕಿತ್ತಳೆ ಬಣ್ಣದಲ್ಲಿ ಲುಟೀನ್‌ದೇ ದೊಡ್ಡ ಪಾಲು. ಗುಂಡ್ಲುಪೇಟೆಯ ಕಡೆ ಕಂಪನಿಗಳ ಒಪ್ಪಂದದ ಮೇಲೆ ಇದನ್ನು ಬೆಳೆಯುವುದು ಮಾಲೆಗಲ್ಲ, ಈ ಬಣ್ಣ ತೆಗೆಯಲಿಕ್ಕೆ. ಹೂವನ್ನು ಒಣಗಿಸಿ, ದ್ರಾವಕದಲ್ಲಿ ಸಾರ ಇಳಿಸಿ, ಕೋಳಿ ಆಹಾರಕ್ಕೂ ಕಣ್ಣಿನ ಮಾತ್ರೆಗೂ ಬಳಸುತ್ತಾರೆ.

ಚಿತ್ರದುರ್ಗದ ಬಯಲಿನ ಮಟ್ಟಿಗೆ ಹೆಚ್ಚು ಕುತೂಹಲ ಹುಟ್ಟಿಸುವುದು ತಂಗಡಿ. ಆವರಿಕೆ ಎಂದೂ ಕರೆಯುವ ಈ ಹಳದಿ ಹೂವಿನ ಗಿಡ ನೀರು, ಗೊಬ್ಬರ, ಔಷಧಿ ಏನನ್ನೂ ಕೇಳದೆ ಕಲ್ಲುನೆಲದಲ್ಲಿ ಬೆಳೆಯುತ್ತದೆ. ಟ್ಯಾನಿನ್ ತುಂಬಿದ ಇದರ ತೊಗಟೆಯಿಂದ ಹಿಂದೆ ಚರ್ಮ ಹದ ಮಾಡುತ್ತಿದ್ದರು. ತಮಿಳುನಾಡಿನಲ್ಲಿ ಒಣಗಿದ ಹೂವಿನ ಪುಡಿಯನ್ನು ಇಂದಿಗೂ ಸ್ನಾನಕ್ಕೆ ಬಳಸುತ್ತಾರೆ.

ಪ್ರಯೋಗಾಲಯದಲ್ಲಿ ಸಾರದ ಬಲ ಅಳೆಯಲು ಡಿಪಿಪಿಎಚ್ ಎಂಬ ನೇರಳೆ ದ್ರಾವಣ ಬಳಸುತ್ತಾರೆ. ಹೂವಿನ ಸಾರ ಬಿದ್ದರೆ ಅದು ಹಳದಿಗೆ ತಿರುಗುತ್ತದೆ. ನೇರಳೆ ಎಷ್ಟು ಮಾಸಿತು ಎಂಬುದೇ ಅಳತೆ. ನೋಡಲು ಚೆಂದದ ಪರೀಕ್ಷೆ. ಆದರೆ ನಳಿಕೆಯಲ್ಲಿ ಚರ್ಮವಿಲ್ಲ. ನಮ್ಮ ಮೈಯ ಮೇಲ್ಪದರ ದಾಟಲು ಅಣು ಸಣ್ಣದಿರಬೇಕು. ಸುಮಾರು 500 ಡಾಲ್ಟನ್ ಮೀರಿದರೆ ಒಳಗಿಳಿಯುವುದು ಕಷ್ಟ. ಬೆಳಕು, ಗಾಳಿ, ಶಾಖಕ್ಕೆ ಈ ಸಾರಗಳು ಬೇಗ ಕೆಡುತ್ತವೆ ಕೂಡ. ಹಾಗಾಗಿ ನಳಿಕೆಯಲ್ಲಿ ಗೆದ್ದ ಸಾರ ಮುಖದ ಮೇಲೂ ಗೆದ್ದಿದೆ ಎನ್ನಬೇಕಾದರೆ ಮನುಷ್ಯರ ಮೇಲೆ ನಡೆದ ಪರೀಕ್ಷೆಯ ಫಲಿತಾಂಶ ಬೇಕು. ಲೇಬಲ್ಲಿನ ಹೂವಿನ ಚಿತ್ರ ಸಾಲದು. ಸನ್‌ಸ್ಕ್ರೀನ್ ಮಾಡುವ ಕೆಲಸವನ್ನು ಯಾವ ಹೂವಿನ ಸಾರವೂ ಒಂಟಿಯಾಗಿ ಮಾಡುವುದಿಲ್ಲ.

ಮಾರುಕಟ್ಟೆಯ ಹೂವನ್ನು ಅರೆದು ಮುಖಕ್ಕೆ ಹಚ್ಚುವುದಂತೂ ಬೇಡವೇ ಬೇಡ. ಮಾಲೆಗೆ ಬೆಳೆದ ಹೂವಿನ ಮೇಲೆ ಕೀಟನಾಶಕ ಉಳಿದಿರಬಹುದು. ಅಲ್ಲದೆ ಸೇವಂತಿಗೆ, ಚೆಂಡು ಹೂ ಎರಡೂ ಹೊಲದ ಬದುಗಳಲ್ಲಿ ಹಬ್ಬಿರುವ ಕಾಂಗ್ರೆಸ್ ಗಿಡದ ಕುಟುಂಬಕ್ಕೆ ಸೇರಿದವು. ಆ ಕಳೆ ತಾಗಿ ತುರಿಕೆ, ಗಂಧೆ ಏಳುವವರಿಗೆ ಸೇವಂತಿಗೆಯಿಂದಲೂ ಅಲರ್ಜಿ ಆಗಬಹುದು. ಅಂಥವರು ಹೂವಿನ ಸಾರವಿರುವ ಯಾವ ಕ್ರೀಮನ್ನಾದರೂ ಮುಖಕ್ಕೆ ಹಚ್ಚುವ ಮೊದಲು ಚರ್ಮವೈದ್ಯರನ್ನು ಕೇಳಬೇಕು. ಉಳಿದವರು ಮೊಣಕೈ ಒಳಬದಿಗೆ ತುಸು ಹಚ್ಚಿ, ಒಂದೆರಡು ದಿನ ಕಾದು ನೋಡಬೇಕು.