ಯುಪಿಎಸ್: ಯಾವ ಸಾಕೆಟ್ ಮೊದಲು ಬಂದ್?

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಭಾಗದ ಶಾಲೆಗಳಿಗೆ ಬೋಧನಾಭ್ಯಾಸಕ್ಕೆ ಹೋಗುವ ನಮಗೆ ಕಂಪ್ಯೂಟರ್ ಕೊಠಡಿಯ ಯುಪಿಎಸ್, ಹತ್ತನೇ ತರಗತಿಯ ವಿದ್ಯುಚ್ಛಕ್ತಿ ಪಾಠಕ್ಕೆ ಒಳ್ಳೆಯ ಬೋಧನೋಪಕರಣ. ನಾನು ಅದನ್ನು ಹೀಗೆ ವಿವರಿಸುತ್ತೇನೆ.

ಸಣ್ಣ ಯುಪಿಎಸ್‌ನಲ್ಲಿ ಸಾಮಾನ್ಯವಾಗಿ 12 ವೋಲ್ಟ್, 7 ಆಂಪಿಯರ್-ಗಂಟೆಯ ಬ್ಯಾಟರಿ ಇರುತ್ತದೆ. 12 × 7 = 84 ವ್ಯಾಟ್-ಗಂಟೆ. 120 ವ್ಯಾಟ್ ಬಳಸುವ ಒಂದು ಕಂಪ್ಯೂಟರಿಗೆ ಲೆಕ್ಕದಲ್ಲಿ 42 ನಿಮಿಷ, ಎರಡಕ್ಕೆ 21 ನಿಮಿಷ. ಪರಿವರ್ತನೆಯಲ್ಲಿ ಶಕ್ತಿ ನಷ್ಟವಾಗುವುದರಿಂದ, ಬ್ಯಾಟರಿ ವೇಗವಾಗಿ ಬರಿದಾಗುವುದರಿಂದ ಸಿಗುವ ಸಮಯ ಇದಕ್ಕಿಂತ ಬಹಳ ಕಡಿಮೆ. ಲೇಸರ್ ಪ್ರಿಂಟರ್ ಕಾಯುವಾಗ ನೂರಾರು ವ್ಯಾಟ್ ಎಳೆಯುತ್ತದೆ. ಅದನ್ನು ಬ್ಯಾಟರಿಯ ಸಾಕೆಟ್‌ಗೆ ಜೋಡಿಸಬಾರದು.

ಕೆಲವು ಯುಪಿಎಸ್‌ಗಳಲ್ಲಿ ಒಂದೊಂದು ಸಾಕೆಟ್ಟನ್ನೂ ಬೇರೆಯಾಗಿ ಬಂದ್ ಮಾಡಬಹುದು. ಯುಪಿಎಸ್ ಮಾಹಿತಿ ಕೊಟ್ಟರೆ, ‘ನೆಟ್‌ವರ್ಕ್ ಯುಪಿಎಸ್ ಟೂಲ್ಸ್’ ಎಂಬ ಮುಕ್ತ ತಂತ್ರಾಂಶ ಪ್ರತಿ ಸಾಕೆಟ್‌ನ ಸ್ಥಿತಿಯನ್ನು ತೋರಿಸುತ್ತದೆ. ಇದು ಏಕೆ ಬೇಕು? ಬ್ಯಾಟರಿ ತುಂಬಿದ್ದರೂ ತನ್ನ ಸಾಕೆಟ್ ಬಂದ್ ಆದರೆ ಕಂಪ್ಯೂಟರ್ ಒಮ್ಮೆಲೇ ಆರುತ್ತದೆ. ಬರೆಯುತ್ತಿದ್ದ ಕಡತ ಕೆಡಬಹುದು. ಆದ್ದರಿಂದ ಮೊದಲು ಕಡತ ಉಳಿಸಿ ಶಟ್‌ಡೌನ್ ಮಾಡಬೇಕು, ನಂತರವೇ ಅದರ ಸಾಕೆಟ್ ಬಂದ್. ಅಂಕಪಟ್ಟಿ ಇರುವ ಕಂಪ್ಯೂಟರಿನ ಸರದಿ ಕೊನೆಗೆ.

ಚಟುವಟಿಕೆ: ಪ್ರತಿ ಉಪಕರಣದ ವ್ಯಾಟ್ ಓದಿ, ಬಂದ್ ಮಾಡುವ ಕ್ರಮವನ್ನು ಮಕ್ಕಳೇ ಬರೆಯಲಿ, ಆ ಪಟ್ಟಿ ಯುಪಿಎಸ್ ಮೇಲಿನ ಗೋಡೆಗಿರಲಿ.